ದೀಪ ಹಚ್ಚಿದ ಮೇಲಿನ ಹೆಪ್ಪು

ಆ ಸೋಮವಾರ ಹಾಲು ಮೊಸರಾಗಲಿಲ್ಲ.

ಅದು ಮೊದಲು ಗೊತ್ತಾದದ್ದು ಬಾಗಲಕೋಟೆಯ ನವನಗರದಲ್ಲಿದ್ದ ಗಡಿಗೆ ಜಾಲದ ಕಂಟ್ರೋಲ್ ರೂಮಿನಲ್ಲಿ. ಗೋಡೆಯಗಲದ ನಕ್ಷೆಯ ಮೇಲೆ ಸಾವಿರಾರು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಮಣ್ಣಿನ ಗಡಿಗೆ. ಹಾಲಿದ್ದರೆ ಬಿಳಿ, ಮೊಸರಾದರೆ ಹಸಿರು, ಹುಳಿ ಮೀರಿದರೆ ಕೆಂಪು. ದಿನಾ ಮಧ್ಯಾಹ್ನ ಬನಶಂಕರಿಯ ಕಡೆಯಿಂದ ಶುರುವಾಗಿ ಬಿಳಿಯೆಲ್ಲ ಒಂದೇ ಏಟಿಗೆ ಹಸಿರಾಗುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಅಲ್ಲಿನ ಹಾಲಿನ ಪರೀಕ್ಷಕಿ ಕಸ್ತೂರಿ ಆ ಹೊತ್ತಿಗೆ ಸರಿಯಾಗಿ ಚಹಾ ಹಿಡಿದು ಕೂರುತ್ತಿದ್ದಳು. ಅವತ್ತೂ ಕೂತಳು. ಚಹಾ ಆರಿತು. ಚುಕ್ಕೆಗಳು ಬೆಳ್ಳಗೇ ಇದ್ದವು.

"ನಕ್ಷೆ ಕೆಟ್ಟೈತೇನ್ರಿ ಸರ್?" ಅಂದಳು.

ಕಂಟ್ರೋಲ್ ರೂಮಿನ ಮುಖ್ಯಸ್ಥ ಇಮ್ತಿಯಾಜ್ ಸರ್ ಇಳಕಲ್ಲಿನವರು. ಗಾಬರಿಯಾದಾಗ ತಮಾಷೆ ಮಾಡುವುದು ಅವರ ಚಾಳಿ. "ನಕ್ಷೆ ಸರಿ ಐತಿ. ಹಾಲು ಮುನಿಸ್ಕೊಂಡೈತಿ ನೋಡು," ಅಂದರು. ಆದರೆ ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಈ ಜಾಲ ಹುಟ್ಟಿದ್ದೇ ಕಸ್ತೂರಿಯ ಊರಿನಿಂದ. ಬಾದಾಮಿ ಬನಶಂಕರಿಯ ಹೊಂಡದ ಕಂಬಸಾಲಿನಲ್ಲಿ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ತಂದು, ಬಂದ ಭಕ್ತರಿಗೆ ಜೋಳದ ರೊಟ್ಟಿ, ಕೆಂಪು ಖಾರ, ಪುಟ್ಟ ಗಡಿಗೆಯ ಮೊಸರು ಮಾರುವುದು ಎಂದಿನಿಂದಲೋ ಇದೆ. ಆ ಮೊಸರನ್ನು ಪುಣೆಯವರೆಗೆ ಒಯ್ದರೆ ಹೇಗೆ ಅಂತ ಒಂದು ಹಾಲಿನ ಕಂಪನಿ ಯೋಚಿಸಿತು. ಗಡಿಗೆಯ ಕಂಠದೊಳಗೆ ಜೋಳದ ಕಾಳಿನಷ್ಟು ದಪ್ಪದ ಒಂದು ಮಣಿ ಕೂರಿಸಿದರು. ಹಾಲಿನಿಂದೇಳುವ ಆವಿಯನ್ನು ಮೂಸಿ ಮೂಸಿ, ಹುಳಿ ಎಷ್ಟೇರಿತು ಅಂತ ಸುದ್ದಿ ಕಳಿಸುವುದು ಅದರ ಕೆಲಸ. ಕಂಪನಿ ಅದಕ್ಕಿಟ್ಟ ಉದ್ದನೆಯ ಹೆಸರು ಯಾರಿಗೂ ನೆನಪಿಲ್ಲ. ಬನಶಂಕರಿಯ ಹೆಂಗಸರು ಅದನ್ನು ಮೂಗುತಿ ಅಂದರು, ಕಂಪನಿಯವರೂ ಸೋತು ಮೂಗುತಿ ಅಂದರು. ದೀಪ ಹಚ್ಚುವ ಹೊತ್ತಿಗೆ ಡ್ರೈವರಿಲ್ಲದ ತಂಪುಗಾಡಿ ಬಾಗಿಲಿಗೆ ಬಂದು ಮೊಸರು ತುಂಬಿದ ಗಡಿಗೆ ಒಯ್ಯುತ್ತಿತ್ತು, ಖಾಲಿ ಗಡಿಗೆ ತಂದಿಡುತ್ತಿತ್ತು.

ಒಂದೇ ತೊಡಕು ಇದ್ದದ್ದು ಹೆಪ್ಪಿನದು. ಒಂದು ಮನೆಯ ಮೊಸರು ಸಿಹಿ, ಇನ್ನೊಂದರದು ಹುಳಿ, ಮತ್ತೊಂದರದು ಲೋಳೆ. ಪುಣೆಯ ಗಿರಾಕಿಗೆ ನಿನ್ನೆಯ ರುಚಿ ಇವತ್ತೂ ಬೇಕು. ಅದಕ್ಕೆ ಕಂಪನಿ ಹೆಪ್ಪಿನ ಬಿಲ್ಲೆ ಮಾಡಿತು. ಹಣೆಯ ಟಿಕಳಿಯಷ್ಟು ಅಗಲದ ಬಿಲ್ಲೆ, ಅದರೊಳಗೆ ಆರಿಸಿ ತೆಗೆದ ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾ. ಬಲೇ ಚುರುಕಿನದು. ಉಗುರುಬೆಚ್ಚಗಿನ ಹಾಲಿಗೆ ಹಾಕಿದರೆ ರಾತ್ರಿಯಿಡೀ ಕಾಯುವುದೇ ಬೇಡ, ಉಂಡು ಎದ್ದು ಅಡ್ಡಾಗಿ ಏಳುವಷ್ಟರಲ್ಲಿ ಗಟ್ಟಿ ಮೊಸರು. ಅದರ ಅಬ್ಬರಕ್ಕೆ ಮನೆಮನೆಯ ಹಳೇ ಹೆಪ್ಪುಗಳೆಲ್ಲ ಸೊರಗಿ ಸತ್ತವು. ಯಾರೂ ಅಳಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಬಾದಾಮಿಯಿಂದ ಪುಣೆಯವರೆಗೆ ಯಾವ ಗಡಿಗೆಗೆ ಬೆರಳಿಟ್ಟರೂ ಒಂದೇ ರುಚಿ, ಒಂದೇ ಜೀವ.

ಆ ಜೀವ ಈಗ ಸಾಯುತ್ತಿತ್ತು.

ಮಂಗಳವಾರ ಕಸ್ತೂರಿ ಲ್ಯಾಬಿನಲ್ಲಿ ಕೆಟ್ಟ ಹಾಲಿನ ಹನಿಯೊಂದನ್ನು ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಿಲ್ಲೆಯ ಬ್ಯಾಕ್ಟೀರಿಯಾಗಳು ಒಡೆದ ಬಲೂನಿನ ಹಾಗೆ ಚೂರುಚೂರಾಗಿ ತೇಲುತ್ತಿದ್ದವು. ಸುತ್ತ ಬಾಲವಿದ್ದ ಪುಟಾಣಿ ವೈರಸ್‌ಗಳು. ಮನುಷ್ಯನಿಗೆ ಇವು ಏನೂ ಮಾಡುವುದಿಲ್ಲ, ಇವು ಬ್ಯಾಕ್ಟೀರಿಯಾ ತಿನ್ನುವ ವೈರಸ್. ಅದರಲ್ಲೂ ಇವಕ್ಕೆ ಬೇಕಾದದ್ದು ಈ ಒಂದು ಜಾತಿ ಮಾತ್ರ. ಎಲ್ಲಿ ನೋಡಿದರೂ ಅದೇ ಜಾತಿ ಸಿಕ್ಕಿತು, ತಿನ್ನುತ್ತಾ ಹೋದವು. ಊರಿಂದ ಊರಿಗೆ ಒಯ್ದವರು ಯಾರು? ಗಡಿಗೆಗಳೇ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು, ಕಂಪನಿಯ ಗಾಡಿಯಲ್ಲೇ ಪುಕ್ಕಟೆ ಪ್ರಯಾಣ ಮಾಡಿ ಎಲ್ಲ ಮನೆ ಮುಟ್ಟಿದ್ದವು.

"ಹೊಸ ಬಿಲ್ಲೆ ಮಾಡಾಕ ಎಷ್ಟ ದಿನ ಬೇಕು?" ಇಮ್ತಿಯಾಜ್ ಸರ್ ಕೇಳಿದರು.

"ತಿಂಗಳಗಟ್ಟಲೆ ಬೇಕ್ರಿ. ಮಾಡಿದ ಮ್ಯಾಲೂ ಅದನ್ನ ತಿನ್ನೋ ವೈರಸ್ ಇನ್ನೊಂದು ಬರ್ತೈತಿ."

ಅವರು ಮತ್ತೆ ಕನ್ನಡಕ ಒರೆಸಿದರು. "ಹೆಡ್ ಆಫೀಸಿನವರು ಶನಿವಾರದ ತನಕ ಕಾಯ್ತಾರಂತ. ಆಮೇಲೆ ಗಡಿಗಿ ಬಂದ್. ಹೆಂಗಸರು ಬರೇ ಹಾಲು ಕೊಟ್ರ ಸಾಕಂತ. ಫ್ಯಾಕ್ಟರ್‍ಯಾಗ ಅದಕ್ಕೊಂದು ಹುಳಿ, ಒಂದು ಅಂಟು ಹಾಕಿ ಗಟ್ಟಿ ಮಾಡಿ ಡಬ್ಬಿಗೆ ತುಂಬ್ತಾರಂತ."

"ಅದು ಮಸರು ಹೆಂಗ ಆಗ್ತೈತ್ರಿ ಸರ್?"

"ಮಸರು ಅಂತ ಬರೀದಿಲ್ಲವಾ. ಮಸರಿನ ರುಚಿ ಅಂತ ಬರೀತಾರ."

ಕಸ್ತೂರಿಗೆ ತನ್ನ ಊರಿನ ಹೆಂಗಸರು ಕಣ್ಣ ಮುಂದೆ ಬಂದರು. ಬನಶಂಕರಿಯಲ್ಲಿ ಜಾಲಕ್ಕೆ ಗಡಿಗೆ ಕೊಡುವ ಮನೆಗಳು ನಲವತ್ತು. ಆ ಮನೆಗಳ ಹೆಂಗಸರ ಸಂಘಕ್ಕೆ ಹಿರಿಯಳು ಅವಳ ತಾಯಿ ನೀಲವ್ವ. ಬಿಲ್ಲೆ ಒಳ್ಳೆಯದು ಅಂತ ಮನೆಮನೆಗೆ ಹೋಗಿ ಹೇಳಿದವರು ಈ ತಾಯಿಮಗಳೇ.

ಬುಧವಾರ ಮಧ್ಯಾಹ್ನ ಕಸ್ತೂರಿ ಊರಿಗೆ ಹೋದಳು. ಓಣಿಯಲ್ಲಿ ಎಂದಿಲ್ಲದ ಮಂಕು. ಮೊಸರಾಗದೆ ಉಳಿದ ಹಾಲನ್ನು ಹೆಂಗಸರು ಕಾಯಿಸಿ ಕಾಯಿಸಿ ಸಕ್ಕರೆ ಹಾಕಿ ಮಕ್ಕಳಿಗೆ ತಿನ್ನಿಸಿದ್ದರು, ಮಕ್ಕಳಿಗೂ ಸಾಕಾಗಿತ್ತು. ಮೊಸರಿಲ್ಲದ ಬುಟ್ಟಿ ನೋಡಿ ಭಕ್ತರು "ಬರೇ ರೊಟ್ಟಿ ಹೆಂಗ ತಿನ್ನೂದಬೇ?" ಅಂತ ಮುಂದೆ ಹೋಗುತ್ತಿದ್ದರಂತೆ.

ನೀಲವ್ವ ಮಗಳಿಗೆ ತಾಟು ಹಾಕಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಖಾರ. ಪಕ್ಕದಲ್ಲೊಂದು ಬಟ್ಟಲು. ಕಸ್ತೂರಿ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಇಟ್ಟುಕೊಂಡವಳು ಹಾಗೇ ಕೂತಳು.

"ಎವ್ವಾ, ಇದೇನು?"

"ಮಜ್ಜಗಿ. ಮಜ್ಜಗಿ ನೋಡಿಲ್ಲೇನು ಜಲ್ಮದಾಗ?"

"ಇಡೀ ಜಿಲ್ಲಾದಾಗ ಒಂದ ಚಮಚಾ ಮಸರಿಲ್ಲ. ನಿನ್ನ ಮನಿಗೆ ಮಜ್ಜಗಿ ಎಲ್ಲಿಂದ ಬಂತು?"

"ಬಂತು ಎಲ್ಲಿಂದಾರ. ಉಣ್ಣು ಸುಮ್ನ."

"ಹೇಳ ಎವ್ವಾ!"

ನೀಲವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಆಮೇಲೆ ಗೋಡೆಗೆ ಹೇಳಿದಂತೆ ಅಂದಳು: "ಆಕಿ ಮನೀದು."

"ಯಾಕೀದು?"

"ಆಕಿ ಅಂದ್ರ ಆಕಿ. ಈ ಊರಾಗ ಇನ್ನ ಯಾವಾಕಿ ಅದಾಳ? ನಾ ಏನು ಆಕಿ ಬಾಗಲಾ ತುಳಿದಿಲ್ಲ ಮತ್ತ! ಬಾಜೂಮನಿ ರೇಣವ್ವನ ಕಡೆ ತರಿಸೀನಿ. ಮಜ್ಜಗಿ ಇಲ್ದ ನನಗ ಅನ್ನ ಇಳೀದಿಲ್ಲ, ಏನ ಮಾಡ್ಲಿ?"

ಆಕಿ ಅಂದರೆ ಸಂಗವ್ವ. ಕಂಬಸಾಲಿನಲ್ಲಿ ನೆರಳಿರುವ ಮೂಲೆಯ ಜಾಗಕ್ಕೆ ಇಬ್ಬರಿಗೂ ಜಗಳ ಹತ್ತಿ ವರ್ಷಗಳೇ ಆಗಿದ್ದವು. ಜಗಳದ ಮಧ್ಯೆ ಸಂಗವ್ವ ಭಕ್ತರ ಎದುರಿಗೇ "ನೀಲವ್ವನ ಮಸರಿನ್ಯಾಗ ನೀರು ಇರ್ತೈತಿ" ಅಂದುಬಿಟ್ಟಿದ್ದಳು. ಅವತ್ತಿನಿಂದ ನೀಲವ್ವನ ಬಾಯಲ್ಲಿ ಸಂಗವ್ವನ ಹೆಸರು ಬಂದಿಲ್ಲ. ಅಂಥ ನೀಲವ್ವ ಕದ್ದು ಅವಳ ಮಜ್ಜಿಗೆ ಕುಡಿಯುತ್ತಿದ್ದಳು!

ಕಸ್ತೂರಿ ಅರ್ಧ ಊಟಕ್ಕೇ ಎದ್ದಳು.

ಸಂಗವ್ವ ಕಟ್ಟೆಯ ಮೇಲೆ ಕೂತು ಗಡಿಗೆ ಬಿಸಿಲಿಗಿಡುತ್ತಿದ್ದಳು. "ಬಾರವಾ ಕಂಪನಿ," ಅಂದಳು. ಕಸ್ತೂರಿಗೆ ಅವಳು ಇಟ್ಟ ಹೆಸರೇ ಅದು. "ಮತ್ತ ದಂಡ ಹಾಕಾಕ ಬಂದಿಯೇನು?"

"ಇಲ್ಲ ದೊಡ್ಡವ್ವಾ. ನಿಮ್ಮನ್ಯಾಗ ಮಸರು ಐತಂತಲ್ಲ?"

"ಮಸರು ಮಾರೋರ ಮನ್ಯಾಗ ಮಸರಿರದ ಬಂಗಾರ ಇರ್ತೈತೇನು?" ಸಂಗವ್ವ ಒಳಗಿಂದ ಒಂದು ಗಡಿಗೆ ತಂದು ಕಸ್ತೂರಿಯ ಮೂಗಿನೆದುರೇ ಬೋರಲು ಮಾಡಿದಳು. ಒಂದು ಹನಿ ಬೀಳಲಿಲ್ಲ. "ನೋಡು. ನೀರಿನ ಮಸರಲ್ಲ ಇದು."

"ಆದ್ರ ನಿಮ್ಮ ಗಡಿಗಿ ನಕ್ಷೆದಾಗ ಹಾಳು ಅಂತ ತೋರಿಸೇತಿ!"

"ಸೋಮವಾರ ಸಂಜಿಮಟ ಹಾಲಾಗೇ ಇತ್ತು. ಗಾಡಿ ಬಂತು, ಮೂಸಿ ನೋಡ್ತು, ಬಿಟ್ಟು ಹೋತು. ನಾ ಮೂಲ್ಯಾಗ ಮುಚ್ಚಿಟ್ಟು ಮಲಗಿದೆ. ಮುಂಜಾನೆ ಎದ್ದು ನೋಡಿದ್ರ ಮಸರು! ಅದರಾಗಿಂದ ಒಂದೀಟು ತಗದು ಹೆಪ್ಪ ಹಾಕಿದೆ. ನಿನ್ನಿನೂ ಆತು, ಇವತ್ತೂ ಆಗೇತಿ."

ಕಸ್ತೂರಿಗೆ ತಟ್ಟನೆ ಹೊಳೆಯಿತು. ಗಾಡಿ ಬರುವ ಹೊತ್ತಿಗೆ ಹಸಿರಾಗದ ಗಡಿಗೆಗೆ ಜಾಲ ಹಾಳು ಎಂದು ಮುದ್ರೆ ಒತ್ತಿ, ಮೂಗುತಿಯನ್ನೇ ಆರಿಸಿಬಿಡುತ್ತಿತ್ತು. ಅದಕ್ಕೆ ಕಾಯುವುದು ಗೊತ್ತೇ ಇರಲಿಲ್ಲ. ಹಾಗೆಂದು ಉಳಿದ ಮನೆಗಳಲ್ಲಿ ರಾತ್ರಿಯಿಟ್ಟ ಹಾಲು ಕೊಳೆತು ನಾರಿತ್ತಲ್ಲ, ಇಲ್ಲಿ ಮಾತ್ರ ಯಾಕೆ ಮೊಸರಾಯಿತು?

ಅವಳು ಚಮಚ ಕೇಳಿ ಇಸಿದುಕೊಂಡು ಗಡಿಗೆಯನ್ನು ತಳದವರೆಗೆ ಕೆದಕಿದಳು. ಚಮಚದ ತುದಿಗೆ ಏನೋ ಒಣಗಿದ ಕಡ್ಡಿ ಸಿಕ್ಕಿತು. ಒಣಮೆಣಸಿನಕಾಯಿಯ ತೊಟ್ಟು.

"ದೊಡ್ಡವ್ವಾ! ಮೆಣಸಿನಕಾಯಿ ಹಾಕಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು ನಾನು?"

ಹೇಳಿದ್ದಳು. ದೀಪ ಹಚ್ಚಿದ ಮೇಲೆ ಹಾಲು ಮೊಸರು ಮನೆಯಿಂದ ಹೊರಗೆ ಕೊಡಬಾರದು, ಕೊಡಲೇಬೇಕಾದರೆ ಒಂದು ಕೆಂಪು ಮೆಣಸಿನಕಾಯಿ ಹಾಕಿ ಕೊಡಬೇಕು, ಇಲ್ಲವಾದರೆ ಮನೆಯ ಹೈನಕ್ಕೆ ದೃಷ್ಟಿ ತಾಗುತ್ತದೆ ಅನ್ನುವುದು ಈ ಕಡೆಯ ಪದ್ಧತಿ. ಕಂಪನಿಯ ಗಾಡಿ ಬರುವುದು ಸರಿಯಾಗಿ ದೀಪದ ಹೊತ್ತಿಗೇ. ಮೊದಮೊದಲು ಎಲ್ಲರ ಗಡಿಗೆಯಲ್ಲೂ ಮೆಣಸಿನಕಾಯಿ ಇರುತ್ತಿತ್ತು. ಪುಣೆಯವರು ಕಚ್ಚಿ ಕಣ್ಣೀರಿಟ್ಟು ದೂರು ಕೊಟ್ಟರು. ಕಸ್ತೂರಿ ಬಂದು ಬೇಡ, ಹಾಕಿದವರಿಗೆ ದಂಡ ಅಂದಳು, ಎಲ್ಲರೂ ಬಿಟ್ಟರು.

"ಮೆಣಸಿನಕಾಯಿ ಹಾಕಬ್ಯಾಡ ಅಂದಿ, ಹಾಕಿಲ್ಲ," ಸಂಗವ್ವ ತಣ್ಣಗೆ ಅಂದಳು. "ತೊಟ್ಟು ಹಾಕಬ್ಯಾಡ ಅಂದಿದ್ದಿಯೇನು? ತಳದಾಗ ಇರ್ತೈತಿ, ಯಾರ ಕಣ್ಣಿಗೂ ಬೀಳೂದಿಲ್ಲ. ಕಂಪನಿ ಮಾತೂ ನಡೀತು, ಎಮ್ಮಿಗೂ ದೃಷ್ಟಿ ತಾಗಲಿಲ್ಲ."

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಆ ಗಡಿಗೆಯನ್ನು ತಬ್ಬಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು.

ಲ್ಯಾಬಿನಲ್ಲಿ ಸಂಗವ್ವನ ಮೊಸರಿನ ಹನಿ ನೋಡಿದಾಗ ಇಮ್ತಿಯಾಜ್ ಸರ್ ಕನ್ನಡಕವನ್ನೇ ಮರೆತರು. ಅದೊಂದು ಸಂತೆ. ಉದ್ದಗಿನವು, ಗುಂಡಗಿನವು, ಸರದ ಹಾಗೆ ಪೋಣಿಸಿಕೊಂಡವು, ಜೋಡಿಯಾಗಿ ಅಲೆಯುವವು. ಮೆಣಸಿನ ತೊಟ್ಟಿನ ಮೇಲೆ ಹೊಲದಿಂದಲೇ ಬಂದು ಕೂತ, ಹಾಲನ್ನು ಹುಳಿ ಮಾಡಬಲ್ಲ ನಾನಾ ಜಾತಿಯ ಬ್ಯಾಕ್ಟೀರಿಯಾಗಳು. ಕಸ್ತೂರಿ ಅದರೊಳಕ್ಕೆ ವೈರಸ್ ಬಿಟ್ಟಳು. ಬಿಲ್ಲೆಯ ಜಾತಿ ಒಡೆದು ಹೋಯಿತು. ಅದು ಬಿಟ್ಟ ಜಾಗಕ್ಕೆ ಉಳಿದವು ನುಗ್ಗಿ ಬಂದವು. ಹಾಲು ರಾತ್ರಿಯಿಡೀ ನಿಧಾನಕ್ಕೆ, ತನ್ನ ಪಾಡಿಗೆ ತಾನು ಗಟ್ಟಿಯಾಯಿತು.

"ಒಬ್ಬ ಬಿದ್ರ ಇನ್ನೊಬ್ಬ ಹೆಗಲು ಕೊಡ್ತಾನ," ಅಂದರು ಇಮ್ತಿಯಾಜ್ ಸರ್. "ಆದ್ರ ಎಷ್ಟ ನಿಧಾನ ನೋಡವಾ. ಮಧ್ಯಾಹ್ನ ಹೆಪ್ಪು ಹಾಕಿದ್ರ ದೀಪದ ಹೊತ್ತಿಗೆ ಆಗೂದಿಲ್ಲ. ಒಂದ ದಿನ ತಡಾ ಮಾಡಿ ಒಯ್ದ್ರ ಪುಣೆ ಮುಟ್ಟೋದ್ರಾಗ ಹುಳಿ."

ಕಸ್ತೂರಿ ನಕ್ಷೆಯತ್ತ ನೋಡಿದಳು. ಬನಶಂಕರಿಯಿಂದ ಹೊರಟ ಗಾಡಿ ವಿಜಯಪುರ, ಸೊಲ್ಲಾಪುರ ದಾಟಿ ಪುಣೆ ಮುಟ್ಟುವುದು ಮರುದಿನ ಬೆಳಗಾದ ಮೇಲೆ. ಇಡೀ ರಾತ್ರಿ ಗಾಡಿ ಓಡುತ್ತಲೇ ಇರುತ್ತದೆ, ಗಡಿಗೆಗಳು ತಣ್ಣಗೆ ಸುಮ್ಮನೆ ಕೂತಿರುತ್ತವೆ.

"ಸರ್, ಮಸರು ಯಾಕ ಒಯ್ಯಬೇಕ್ರಿ? ಹಾಲು ಒಯ್ಯೋಣ. ಸಂಜಿಗೆ ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಗಾಡಿ ಏರಿಸೋಣ. ತಂಪು ಬಂದ್ ಮಾಡಿ ಗಾಡಿನ ಬೆಚ್ಚಗಿಡೋಣ. ದಾರ್‍ಯಾಗ ಮಸರಾಗಲಿ!"

"ಅಲ್ಲಾಡಿದ ಹಾಲು ಗಟ್ಟಿ ಆಗ್ತೈತೇನು?"

"ಸಿಂಬಿ ಇಡೋಣ್ರಿ. ನಮ್ಮವ್ವ ಹೊತ್ತ ಗಡಿಗಿ ಈ ವಯಸ್ಸಿನ್ಯಾಗೂ ಅಲ್ಲಾಡೂದಿಲ್ಲ."

ತಲೆಯ ಮೇಲೆ ಗಡಿಗೆಯ ಕೆಳಗಿಡುವ ಬಟ್ಟೆಯ ಸಿಂಬಿ! ಇಮ್ತಿಯಾಜ್ ಸರ್ ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾಗಿ ಹೆಡ್ ಆಫೀಸಿಗೆ ಫೋನ್ ಹಚ್ಚಿದರು. ಒಂದೇ ಒಂದು ಗಾಡಿ, ಒಂದೇ ಒಂದು ಸಲ, ಶುಕ್ರವಾರ ಸಂಜೆ. ಆಗದಿದ್ದರೆ ಡಬ್ಬಿ.

ಇನ್ನು ಉಳಿದದ್ದು ಹೆಪ್ಪು. ನಲವತ್ತು ಮನೆಗೂ ಸಂಗವ್ವನ ಹೆಪ್ಪು ಗುರುವಾರ ಸಂಜೆಯೇ ಹೋಗಬೇಕು, ರಾತ್ರಿ ಅಲ್ಲಲ್ಲೇ ಮೊಸರಾಗಬೇಕು, ಶುಕ್ರವಾರದ ಗಡಿಗೆಗಳಿಗೆ ಅದೇ ಹೆಪ್ಪಾಗಬೇಕು. ಗುರುವಾರ ಬೆಳಿಗ್ಗೆ ಕಸ್ತೂರಿ ಹೋಗಿ ಕೇಳಿದಳು. ಸಂಗವ್ವ ಎಲೆಯಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡಳು.

"ಕೊಡ್ತೀನಿ. ಯಾಕ ಕೊಡಬಾರ್ದು? ಆದ್ರ ನಿಮ್ಮವ್ವ ಬಂದು ಕೇಳಲಿ."

"ದೊಡ್ಡವ್ವಾ, ನಾನೇ ಕೇಳಾಕತ್ತೀನಲ್ಲ?"

"ನೀ ಕಂಪನಿ. ಸಂಘದ ಹಿರೇಮನಷ್ಯಾಳು ಆಕಿ. ಬಾಗಲಿಗೆ ಬಂದು, ನನ್ನ ಹೆಸರು ಹಿಡಿದು, ಸಂಗವ್ವಾ ಹೆಪ್ಪು ಕೊಡು ಅನ್ನಲಿ. ಇಡೀ ಎಮ್ಮೀನ ಕೊಡ್ತೀನಿ."

ನೀಲವ್ವ ಕೇಳಿದ್ದೇ ತಡ ಹಿಟ್ಟು ನಾದುವ ಕೊಣಮಿಗೆ ಪಕ್ಕಕ್ಕೆ ತಳ್ಳಿದಳು. "ಸತ್ರೂ ಹೋಗೂದಿಲ್ಲ. ನನ್ನ ಮಸರಿಗೆ ನೀರಂದಾಕಿ!"

"ಆಕಿ ಮಜ್ಜಗಿ ಕುಡದೀಯಲ್ಲ?"

"ಅದು ಬ್ಯಾರೆ ಮಾತು."

"ಎವ್ವಾ, ನಾಡದ ಬಿಟ್ರ ಮುಂದ ಗಡಿಗಿ ಇಲ್ಲ. ಬುಟ್ಟೀನೂ ಇಲ್ಲ. ನಿನ್ನ ಹಾಲು ಪೈಪಿನ್ಯಾಗ ಹೋಗಿ ಡಬ್ಬಿ ಆಗ್ತೈತಿ. ನೀರ ಐತೋ ಇಲ್ಲೋ ಅಂತ ಜಗಳಾ ಮಾಡಾಕೂ ಯಾರೂ ಉಳಿಯೂದಿಲ್ಲ."

ನೀಲವ್ವ ಮಧ್ಯಾಹ್ನವಿಡೀ ಬೀಸಿದ್ದ ಹಿಟ್ಟನ್ನೇ ಮತ್ತೆ ಜರಡಿ ಹಿಡಿದಳು. ಹೊತ್ತಿಳಿಯಿತು. ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಸೆರಗು ಹೊದ್ದು, ಖಾಲಿ ಗಡಿಗೆ ಕಂಕುಳಲ್ಲಿಟ್ಟುಕೊಂಡು ಹೊರಟಳು. ಅವಳ ಹಿಂದೆ ಕಸ್ತೂರಿ, ಕಸ್ತೂರಿಯ ಹಿಂದೆ ರೇಣವ್ವ, ರೇಣವ್ವನ ಹಿಂದೆ ಇಡೀ ಓಣಿ, ಎಲ್ಲರ ಕಂಕುಳಲ್ಲೂ ಒಂದೊಂದು ಗಡಿಗೆ.

ಸಂಗವ್ವ ಬಾಗಿಲಲ್ಲೇ ನಿಂತಿದ್ದಳು. ನೀಲವ್ವ ಮೆಟ್ಟಿಲ ಕೆಳಗೆ ನಿಂತಳು. ಗಡಿಗೆ ಮುಂದೆ ಹಿಡಿದಳು.

"ಸಂಗವ್ವಾ," ಅಂದಳು. ಎಷ್ಟೋ ವರ್ಷದಿಂದ ಆಡದ ಹೆಸರು, ಸ್ವಲ್ಪ ಒರಟಾಗಿ ಬಂತು. "ಹೆಪ್ಪು ಕೊಡು."

ಸಂಗವ್ವ ಒಂದು ಗಳಿಗೆ ಅವಳ ಮುಖ ನೋಡಿದಳು. "ದೀಪ ಹಚ್ಚಿದ ಮ್ಯಾಲೆ ಬಂದೀಯಲ್ಲಬೇ? ಹಗಲೊತ್ತಿನ್ಯಾಗ ಬರಾಕ ಏನಾಗಿತ್ತು?"

"ಹಗಲೊತ್ತಿನ್ಯಾಗ ಬಂದ್ರ ಮಂದಿ ನೋಡ್ತಾರ."

"ಈಗ ಊರಿಗೂರೇ ನಿನ್ನ ಬೆನ್ನಹಿಂದ ನಿಂತೈತಿ!"

ಯಾರೋ ಕಿಸಕ್ಕೆಂದರು. ನೀಲವ್ವ ತಿರುಗಿ ನೋಡಿ ತಾನೂ ನಕ್ಕುಬಿಟ್ಟಳು. ಸಂಗವ್ವ ಒಳಗೆ ಹೋಗಿ ಮೊಸರಿನ ಗಡಿಗೆ ತಂದಳು, ಬ್ಯಾಡಗಿಯ ಮೆಣಸಿನಕಾಯಿಯ ಚೀಲವನ್ನೂ ತಂದಳು. ನೀಲವ್ವನ ಗಡಿಗೆಗೆ ಒಂದು ಚಮಚ ಹೆಪ್ಪು ಹಾಕಿ, ಅದರ ಮೇಲೆ ತೊಟ್ಟು ಸಮೇತ ಒಂದು ಕೆಂಪು ಮೆಣಸಿನಕಾಯಿ ಇಟ್ಟಳು. ಇಟ್ಟು ಕಸ್ತೂರಿಯ ಕಡೆ ನೋಡಿದಳು. "ದಂಡ ಹಾಕ್ತಿಯೇನವಾ ಕಂಪನಿ?"

"ಮೆಣಸಿನಕಾಯಿ ಹಾಕ್ರಿ ದೊಡ್ಡವ್ವಾ," ಅಂದಳು ಕಸ್ತೂರಿ. "ಎಲ್ಲಾರಿಗೂ ಹಾಕ್ರಿ."

ಶುಕ್ರವಾರ ಸಂಜೆ ಬೆಚ್ಚಗಿನ ಹಾಲಿನ ಗಡಿಗೆಗಳು ನಲವತ್ತು ಮನೆಯ ಸಿಂಬಿಗಳ ಮೇಲೆ ಕೂತು ಹೊರಟವು. ಹಳೇ ಇಳಕಲ್ ಸೀರೆಯ ಸಿಂಬಿ, ಲುಂಗಿಯ ಸಿಂಬಿ, ಯಾರದೋ ಮೊಮ್ಮಗನ ಶಾಲೆಯ ಅಂಗಿಯ ಸಿಂಬಿ. ಮೂಗುತಿಗಳನ್ನು ಆರಿಸದಂತೆ ಕಸ್ತೂರಿ ಜಾಲಕ್ಕೆ ಹೇಳಿದ್ದಳು. ಅದಕ್ಕಾಗಿ ಪರದೆಯ ಮೂಲೆಯಲ್ಲಿ ಅವಳೊಂದು ಹೊಸ ಗುಂಡಿ ಮಾಡಿದ್ದಳು, ಮೇಲೆ ಬರೆದದ್ದು ಅವಸರ ಬೇಡ ಅನ್ನುವ ಒಂದೇ ಮಾತು: 'ಕಾಯಿ'.

ಶನಿವಾರ ನಸುಕಿನಲ್ಲಿ ಅವಳು ಕಂಟ್ರೋಲ್ ರೂಮಿಗೆ ಬಂದಾಗ ಇಮ್ತಿಯಾಜ್ ಸರ್ ಆಗಲೇ ಬಂದಿದ್ದರು. ಮೇಜಿನ ಮೇಲಿನ ಫೋನಿನಲ್ಲಿ ಬನಶಂಕರಿಯ ಗದ್ದಲ. ಓಣಿಯೆಲ್ಲ ನೀಲವ್ವನ ಮನೆಯಲ್ಲಿ ಕೂತಿತ್ತು.

"ಏನಾತವಾ?" ನೀಲವ್ವನ ದನಿ.

"ಸೊಲ್ಲಾಪುರ ದಾಟೇತಿ ಎವ್ವಾ. ಎಲ್ಲಾ ಇನ್ನೂ ಬೆಳ್ಳಗದಾವ."

ಇಂದಾಪುರ ಬಂತು. ಒಂದು ಚುಕ್ಕೆ ಹಸಿರಾಯಿತು. ಒಂದೇ ಒಂದು. ಕಸ್ತೂರಿ ಕುರ್ಚಿಯ ಹಿಡಿಕೆ ಹಿಡಿದಳು.

"ಸಂಗವ್ವ ದೊಡ್ಡವ್ವಂದು!"

"ಮತ್ಯಾರದು ಇರ್ತೈತಿ?" ಫೋನಿನೊಳಗಿಂದ ಸಂಗವ್ವ.

ಆಮೇಲೆ ರೇಣವ್ವನದು. ಆಮೇಲೆ ಮೂರು ಜೊತೆಯಲ್ಲಿ. ಮೊದಲಿನಂತೆ ಒಂದೇ ಏಟಿಗಲ್ಲ. ಮುಸ್ಸಂಜೆ ಊರಿನಲ್ಲಿ ದೀಪ ಹತ್ತಿದ ಹಾಗೆ, ಇಲ್ಲೊಂದು ಅಲ್ಲೊಂದು, ಅವರವರ ಮನೆಯ ಹೊತ್ತಿಗೆ ಅವರವರದು. ಕಸ್ತೂರಿ ಪ್ರತಿಯೊಂದಕ್ಕೂ ಮನೆಯ ಹೆಸರು ಕೂಗಿದಳು. ಪ್ರತಿ ಹೆಸರಿಗೂ ಅತ್ತ ಒಂದು ಕೇಕೆ. ಇಮ್ತಿಯಾಜ್ ಸರ್ ತಟ್ಟನೆ ಅಂದರು, "ಇದನ್ನ ಹಿಂಗ ಮಾರೋಣ ನೋಡು. ರೇಣವ್ವನ ಗಡಿಗಿ, ಸಂಗವ್ವನ ಗಡಿಗಿ. ಹುಳಿ ಬೇಕಾದೋರಿಗೆ ಹುಳಿ, ಸೀ ಬೇಕಾದೋರಿಗೆ ಸೀ. ಯಾರ ಮನೀದು ಬೇಕೋ ಕೇಳಿ ತಗೊಳ್ಳಲಿ!" ಅಂದವರೇ ಹೆಡ್ ಆಫೀಸಿಗೆ ನಕ್ಷೆಯ ಚಿತ್ರ ಕಳಿಸಿದರು. ಅತ್ತಲಿಂದ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಪೂರ್ತಿ ಹಸಿರಾದರೆ ಡಬ್ಬಿಯ ಮಾತಿಲ್ಲ.

ಪುಣೆಯ ಹೊರವಲಯ ಬಂತು. ಒಂದು ಗಡಿಗೆ ಮಾತ್ರ ಇನ್ನೂ ಬೆಳ್ಳಗಿತ್ತು.

"ಯಾರದವಾ ಅದು?" ನೀಲವ್ವ ಕೇಳಿದಳು.

ಕಸ್ತೂರಿ ಚುಕ್ಕೆಯನ್ನು ಇನ್ನೊಮ್ಮೆ ನೋಡಿದಳು. "ನಿಂದ ಎವ್ವಾ."

ಫೋನಿನ ಗದ್ದಲದ ನಡುವೆ ಸಂಗವ್ವನ ದನಿ, ಸ್ಪಷ್ಟವಾಗಿ: "ನೀರು ಬೆರಸಿರ್ತಾಳ. ನಾ ಮದಲ ಹೇಳೇನಿ."

"ಬಾಯಿ ಮುಚ್ಚು, ಆಗ್ತೈತಿ ತಡಿ," ನೀಲವ್ವ ಗದರಿದಳು.

ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಈ ಗಡಿಗೆ ಹಾಳು, ತೆಗೆಯಲೇ? ಕಸ್ತೂರಿ 'ಕಾಯಿ' ಗುಂಡಿ ಒತ್ತಿದಳು. ಗಾಡಿ ಒಂದು ಸೇತುವೆ ಹತ್ತಿ ಇಳಿಯಿತು. ಮತ್ತೆ ಕೇಳಿತು. ಮತ್ತೆ ಒತ್ತಿದಳು. ಇಮ್ತಿಯಾಜ್ ಸರ್ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಚುಕ್ಕೆ ಹಸಿರಾಯಿತು.

ಕಸ್ತೂರಿ ಕೂಗಿದ್ದು ಫೋನಿಲ್ಲದೆಯೂ ಬನಶಂಕರಿಗೆ ಕೇಳಿಸುವಂತಿತ್ತು. ಆ ಕಡೆ ಯಾರೋ ತಾಟು ಬಡಿದರು. ಗಲಾಟೆಯೆಲ್ಲ ಇಳಿದ ಮೇಲೆ ನೀಲವ್ವ, "ಏನ ಸಂಗವ್ವಾ, ಎಲ್ಲೈತಿ ನೀರು?" ಅಂದದ್ದು ಕೇಳಿಸಿತು.

"ಹೂಂ," ಅಂದಳು ಸಂಗವ್ವ. "ಹೆಪ್ಪು ನಂದಲ್ಲೇನು, ಆಗ್ದ ಎಲ್ಲಿ ಹೋಗ್ತೈತಿ? ಏಳಬೇ, ಹೊತ್ತಾತು. ಬುಟ್ಟಿ ತಗೋ. ಇವತ್ತ ಆ ಮೂಲಿ ನೆಳ್ಳಾಗ ಇಬ್ಬರೂ ಕೂಡೋಣು ನಡಿ."